ಬ್ರೂಸ್ ಡಿಕಿನ್ಸನ್: 19 ವರ್ಷಗಳ ಬಳಿಕ ಮರಳಿದ ಕಂಠ

ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಗಾಯಕ ಬ್ರೂಸ್ ಡಿಕಿನ್ಸನ್ ಅವರ ಏಕವ್ಯಕ್ತಿ ಆಲ್ಬಂ 'ದಿ ಮ್ಯಾಂಡ್ರೇಕ್ ಪ್ರಾಜೆಕ್ಟ್' 2024ರ ಮಾರ್ಚ್ 1ರಂದು ಬಿಡುಗಡೆಯಾಯಿತು. ಇದಕ್ಕೂ ಹಿಂದಿನ ಅವರ ಸ್ವಂತ ಆಲ್ಬಂ 'ಟಿರನಿ ಆಫ್ ಸೋಲ್ಸ್' ಹೊರಬಂದಿದ್ದು 2005ರಲ್ಲಿ. ನಡುವಿನ 19 ವರ್ಷಗಳಲ್ಲಿ ಅವರು ತಂಡದೊಂದಿಗೆ ನಾಲ್ಕು ಆಲ್ಬಂಗಳಿಗೆ ಹಾಡಿದರು, ಪ್ರಯಾಣಿಕ ವಿಮಾನ ಹಾರಿಸಿದರು, ನಾಲಿಗೆಯ ಬುಡದಲ್ಲಿ ಕಾಣಿಸಿಕೊಂಡ ಕ್ಯಾನ್ಸರನ್ನು ಗೆದ್ದು ಬಂದರು. ಹೊಸ ಆಲ್ಬಂ ಬಂದಾಗ ಅವರಿಗೆ 65 ವರ್ಷ.

ಹೀಗಾಗಿ ಅಭಿಮಾನಿಗಳ ಮುಂದಿದ್ದ ಪ್ರಶ್ನೆ, ಹಾಡುಗಳು ಹೇಗಿವೆ ಎಂಬುದಷ್ಟೇ ಆಗಿರಲಿಲ್ಲ. ಆ ಕಂಠ ಈಗ ಹೇಗಿದೆ ಎಂಬುದೇ ಮೊದಲ ಕುತೂಹಲವಾಗಿತ್ತು.

ಅರಮನೆ ಮೈದಾನದ ನೆನಪು

ಕರ್ನಾಟಕದ ರಾಕ್ ಪ್ರಿಯರಿಗೆ ಈ ಕಂಠ ಅಪರಿಚಿತವಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ ಭಾರತದ ತನ್ನ ಮೊದಲ ಪ್ರದರ್ಶನ ನೀಡಿತು. ದೆಹಲಿಯ ಪರಿಕ್ರಮ ತಂಡ ಅಂದು ಆರಂಭಿಕ ಕಾರ್ಯಕ್ರಮ ನಡೆಸಿಕೊಟ್ಟಿತ್ತು. ಅದೇ ಮೈದಾನ 2003ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡವನ್ನು ಕಂಡಿತ್ತು. 2011ರಲ್ಲಿ ಮೆಟಾಲಿಕಾ ತಂಡವನ್ನೂ ಕಂಡಿತು. ಆದರೆ ಹೆವಿ ಮೆಟಲ್‌ನ ಅಗ್ರಪಂಕ್ತಿಯ ತಂಡವೊಂದು ತನ್ನ ಉತ್ತುಂಗದ ದಿನಗಳಲ್ಲಿಯೇ ಇಲ್ಲಿಗೆ ಬಂದಿದ್ದು, ಅಲ್ಲಿಯವರೆಗೆ ಕ್ಯಾಸೆಟ್ಟುಗಳಲ್ಲಷ್ಟೇ ಆ ಸಂಗೀತ ಕೇಳಿದ್ದವರಿಗೆ ದೊಡ್ಡ ಸಂಗತಿಯಾಗಿತ್ತು.

2008ರ ಫೆಬ್ರುವರಿ 1ರಂದು ತಂಡ ಮುಂಬಯಿಯಿಂದ ವಿಶ್ವಪ್ರವಾಸ ಆರಂಭಿಸಿತು. 'ಫ್ಲೈಟ್ 666' ಎಂಬ ಸಾಕ್ಷ್ಯಚಿತ್ರದಲ್ಲಿ ಆ ಪ್ರವಾಸ ದಾಖಲಾಗಿದೆ. 2009ರ ಫೆಬ್ರುವರಿ 15ರಂದು ತಂಡ ಮತ್ತೊಮ್ಮೆ ಬೆಂಗಳೂರಿನಲ್ಲಿ ಹಾಡಿತು. ಕಲಾವಿದರು, ಸಿಬ್ಬಂದಿ ಹಾಗೂ ವಾದ್ಯ ಸಾಮಗ್ರಿಗಳನ್ನು ಹೊತ್ತು ಊರಿಂದೂರಿಗೆ ಸಾಗುತ್ತಿದ್ದ ಬೋಯಿಂಗ್ 757 ವಿಮಾನದ ಚಾಲಕರೂ ಡಿಕಿನ್ಸನ್ ಅವರೇ ಆಗಿದ್ದರು.

ಗಾಯಕನ ಹಾದಿ

ಪಾಲ್ ಬ್ರೂಸ್ ಡಿಕಿನ್ಸನ್ ಹುಟ್ಟಿದ್ದು 1958ರ ಆಗಸ್ಟ್ 7ರಂದು, ಇಂಗ್ಲೆಂಡಿನ ವರ್ಕ್‌ಸಾಪ್ ಎಂಬ ಗಣಿ ಪ್ರದೇಶದ ಪಟ್ಟಣದಲ್ಲಿ. ಲಂಡನ್ನಿನಲ್ಲಿ ಇತಿಹಾಸ ಓದಿದರು. ಸ್ಯಾಮ್ಸನ್ ಎಂಬ ತಂಡದಲ್ಲಿ ಹಾಡುತ್ತಿದ್ದ ಅವರು 1981ರಲ್ಲಿ ಪಾಲ್ ಡಿಯಾನೊ ಅವರ ಸ್ಥಾನಕ್ಕೆ ಐರನ್ ಮೇಡನ್ ಸೇರಿದರು. ಮರುವರ್ಷ ಬಂದ 'ದಿ ನಂಬರ್ ಆಫ್ ದಿ ಬೀಸ್ಟ್' ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಎತ್ತರದ ಸ್ವರದಲ್ಲಿ ಬಹಳ ಹೊತ್ತು ನಿಲ್ಲಬಲ್ಲ ಅವರ ಕಂಠಕ್ಕೆ ಅಭಿಮಾನಿಗಳು 'ವಾಯುದಾಳಿಯ ಸೈರನ್' ಎಂದೇ ಅಡ್ಡಹೆಸರಿಟ್ಟರು.

1993ರಲ್ಲಿ ಅವರು ತಂಡ ತೊರೆದರು. ಗಿಟಾರ್ ವಾದಕ ಹಾಗೂ ನಿರ್ಮಾಪಕ ರಾಯ್ ಝೀ ಅವರೊಡನೆ ಸೇರಿ ಸ್ವಂತ ಆಲ್ಬಂಗಳನ್ನು ರೂಪಿಸಿದರು. ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್ ಅವರ ಪ್ರಭಾವವಿರುವ 'ದಿ ಕೆಮಿಕಲ್ ವೆಡ್ಡಿಂಗ್' (1998) ಆ ಕಾಲದ ಶ್ರೇಷ್ಠ ಕೃತಿಯೆಂದು ಮನ್ನಣೆ ಪಡೆದಿದೆ. 1999ರಲ್ಲಿ ಡಿಕಿನ್ಸನ್ ಮರಳಿ ಐರನ್ ಮೇಡನ್ ಸೇರಿದರು. ಆಮೇಲೆ ಏಕವ್ಯಕ್ತಿ ಆಲ್ಬಂಗಳಿಗೆ ಬಿಡುವು ಸಿಗುವುದೇ ವಿರಳವಾಯಿತು.

ಕಂಠಕ್ಕೆ ಬಂದ ಕುತ್ತು

ಹೊಸ ಆಲ್ಬಂನ ಸಿದ್ಧತೆ ಹತ್ತು ವರ್ಷಗಳ ಹಿಂದೆಯೇ ಆರಂಭವಾಗಿತ್ತು. ಅದಕ್ಕೆಂದು ಬರೆದಿದ್ದ ಒಂದು ಹಾಡು ತಂಡದ ನಾಯಕ ಸ್ಟೀವ್ ಹ್ಯಾರಿಸ್ ಅವರಿಗೆ ಮೆಚ್ಚಿಗೆಯಾಗಿ, ಐರನ್ ಮೇಡನ್‌ನ 'ದಿ ಬುಕ್ ಆಫ್ ಸೋಲ್ಸ್' (2015) ಆಲ್ಬಂನ ಮೊದಲ ಹಾಡಾಯಿತು. ಅಷ್ಟರಲ್ಲಿ ದೊಡ್ಡ ಆಘಾತ ಎದುರಾಯಿತು. ಆ ಆಲ್ಬಂನ ಧ್ವನಿಮುದ್ರಣ ಮುಗಿದ ಬಳಿಕ ಡಿಕಿನ್ಸನ್ ಅವರ ನಾಲಿಗೆಯ ಹಿಂಭಾಗದಲ್ಲಿ ಗೆಡ್ಡೆಯಿರುವುದು ಪತ್ತೆಯಾಯಿತು. 2015ರ ಫೆಬ್ರುವರಿಯಲ್ಲಿ ಈ ಸುದ್ದಿ ಬಹಿರಂಗವಾಯಿತು. 33 ಬಾರಿ ವಿಕಿರಣ ಚಿಕಿತ್ಸೆ, ಒಂಬತ್ತು ವಾರ ಕಿಮೊಥೆರಪಿ ನಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ರೋಗಮುಕ್ತರೆಂದು ಘೋಷಿಸಲಾಯಿತು.

ಗಂಟಲ ಭಾಗಕ್ಕೆ ನೀಡುವ ವಿಕಿರಣ ಚಿಕಿತ್ಸೆ ಲಾಲಾರಸದ ಗ್ರಂಥಿಗಳನ್ನು ಕುಗ್ಗಿಸುತ್ತದೆ. ಬಾಯಿ, ಗಂಟಲು ಒಣಗುತ್ತವೆ. ಸ್ವರಕ್ಕೆ ರೂಪ ಕೊಡುವುದು ನಾಲಿಗೆಯೇ ಆದ್ದರಿಂದ ಅದರ ಬುಡದಲ್ಲಿ ಆಗುವ ಸಣ್ಣ ವ್ಯತ್ಯಾಸವೂ ಉಚ್ಚಾರಣೆಯನ್ನು ಬದಲಿಸಬಲ್ಲದು. ಸರಗೂರು, ಹೆಗ್ಗಡದೇವನಕೋಟೆ ಮೊದಲ್ಗೊಂಡು ಮೈಸೂರು ಸೀಮೆಯಲ್ಲಿ ಕಂಸಾಳೆಯವರು, ನೀಲಗಾರರು ಇರುಳಿಡೀ ಕಾವ್ಯ ಹಾಡುವುದನ್ನು ಕೇಳಿದವರಿಗೆ ಗಾಯಕನಿಗೆ ಗಂಟಲೆಂದರೆ ಏನೆಂಬುದನ್ನು ವಿವರಿಸಬೇಕಿಲ್ಲ. ಹಾಡುಗಾರಿಕೆಯ ರೀತಿ ಬೇರೆ, ಶ್ರಮ ಒಂದೇ.

2016ರ ಫೆಬ್ರುವರಿಯಲ್ಲಿ ಡಿಕಿನ್ಸನ್ ಮತ್ತೆ ವೇದಿಕೆಯೇರಿದರು. ಆ ಪ್ರವಾಸದಲ್ಲಿ ಅವರು ಇನ್ನೂ ದೊಡ್ಡದಾದ ಬೋಯಿಂಗ್ 747 ವಿಮಾನವನ್ನೇ ಹಾರಿಸಿದರು. ಸ್ವಂತ ಆಲ್ಬಂ ಮಾತ್ರ ತಂಡದ ಪ್ರವಾಸಗಳು, ಆ ನಂತರ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಗುತ್ತಲೇ ಇತ್ತು.

ಆಲ್ಬಂನಲ್ಲಿ ಏನಿದೆ?

ಹಳೆಯ ಇಂದ್ರಜಾಲ ಕಾಮಿಕ್ಸ್ ಓದಿದವರಿಗೆ ಮ್ಯಾಂಡ್ರೇಕ್ ಎಂದೊಡನೆ ಜಾದೂಗಾರ ನೆನಪಾಗಬಹುದು. ಇಲ್ಲಿನ ಮ್ಯಾಂಡ್ರೇಕ್ ಒಂದು ಗಿಡ. ಮನುಷ್ಯಾಕಾರದ ಅದರ ಬೇರಿಗೆ ಮಾಂತ್ರಿಕ ಶಕ್ತಿಯಿದೆ ಎಂಬುದು ಯುರೋಪಿನ ಹಳೆಯ ಜನಪದ ನಂಬಿಕೆ. ಸಾಯುವ ಗಳಿಗೆಯಲ್ಲಿ ಆತ್ಮವನ್ನು ಹಿಡಿದಿಡಲು ಯತ್ನಿಸುವ ರಹಸ್ಯ ಯೋಜನೆಯೊಂದರ ಕಥೆಯನ್ನು ಡಿಕಿನ್ಸನ್ ಹೆಣೆದಿದ್ದಾರೆ. ಇದೇ ಹೆಸರಿನಲ್ಲಿ 12 ಸಂಚಿಕೆಗಳ ಚಿತ್ರಕಥಾ ಮಾಲಿಕೆಯನ್ನೂ ರೂಪಿಸಲಾಯಿತು. ಎಲ್ಲ ಹಾಡುಗಳೂ ಈ ಕಥೆಯನ್ನೇ ಹೇಳುವುದಿಲ್ಲ. ಸಾವು, ನಶ್ವರತೆಯ ನೆರಳು ಮಾತ್ರ ಉದ್ದಕ್ಕೂ ಇದೆ.

ಹಾಡುಗಳು ಒಟ್ಟು ಹತ್ತು. ಗಿಟಾರ್, ಬಾಸ್ ಹಾಗೂ ನಿರ್ಮಾಣ ರಾಯ್ ಝೀ ಅವರದು. ಡ್ರಮ್ಸ್ ಡೇವ್ ಮೊರೆನೊ, ಕೀಬೋರ್ಡ್ ಮಿಸ್ತೇರಿಯಾ. ಮೊದಲ ಹಾಡು 'ಆಫ್ಟರ್‌ಗ್ಲೋ ಆಫ್ ರಾಗ್ನರಾಕ್' 2023ರ ನವೆಂಬರ್ 30ರಂದೇ ಹೊರಬಂದಿತ್ತು. 'ರೇನ್ ಆನ್ ದಿ ಗ್ರೇವ್ಸ್' ಹಾಡಿನ ಕಲ್ಪನೆ ಹೊಳೆದಿದ್ದು ಕವಿ ವರ್ಡ್ಸ್‌ವರ್ತ್ ಅವರ ಸಮಾಧಿಯ ಬಳಿ. 'ಶ್ಯಾಡೋ ಆಫ್ ದಿ ಗಾಡ್ಸ್' ಹಾಡನ್ನು, ರಾಬ್ ಹ್ಯಾಲ್ಫರ್ಡ್ ಹಾಗೂ ಜೆಫ್ ಟೇಟ್ ಜತೆ ಹಾಡಬೇಕೆಂದುಕೊಂಡು ಕೈಗೂಡದೆ ಹೋದ ಯೋಜನೆಗಾಗಿ ಬರೆಯಲಾಗಿತ್ತು. ತಂಡಕ್ಕೆ ಬಿಟ್ಟುಕೊಟ್ಟಿದ್ದ ಹಳೆಯ ಹಾಡು 'ಇಟರ್ನಿಟಿ ಹ್ಯಾಸ್ ಫೇಲ್ಡ್' ಎಂಬ ಹೊಸ ರೂಪದಲ್ಲಿ ಇಲ್ಲಿಗೆ ಮರಳಿದೆ. ಕೊನೆಯ ಹಾಡು 'ಸೊನಾಟಾ' ಹತ್ತು ನಿಮಿಷಗಳಷ್ಟು ದೀರ್ಘವಾದುದು.

ಅಭಿಮಾನಿಗಳು ಏನೆಂದರು?

ಬಿಡುಗಡೆಯಾದ ಮೊದಲ ವಾರವೇ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನ ಪಡೆಯಿತು. ಕಂಠದ ವಿಷಯದಲ್ಲಿ ಬಹುತೇಕ ಅಭಿಮಾನಿಗಳಿಗೆ ಸಮಾಧಾನವಾಗಿದೆ. 1982ರ ಎತ್ತರವನ್ನು ಅನುಕರಿಸುವ ಹಟ ಇಲ್ಲಿಲ್ಲ. ಗಾಯಕ ಕೆಳಸ್ತರದ, ಭಾರವಾದ ದನಿಯನ್ನು ಹೆಚ್ಚು ಬಳಸಿಕೊಂಡು, ಅಗತ್ಯವಿದ್ದಲ್ಲಿ ಮಾತ್ರ ಮೇಲಕ್ಕೇರುತ್ತಾರೆ. ಐರನ್ ಮೇಡನ್‌ನ ಓಟದ ಲಯವನ್ನು ನಿರೀಕ್ಷಿಸಿದ್ದವರಿಗೆ ಇದು ನಿಧಾನಗತಿಯ, ಕತ್ತಲು ಕವಿದ ಆಲ್ಬಂ ಎನಿಸಿದೆ.

ಆಕ್ಷೇಪಗಳೂ ಇಲ್ಲದಿಲ್ಲ. ಧ್ವನಿಮಿಶ್ರಣ ಮಸುಕಾಗಿದೆ, ವಾದ್ಯಗಳು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ ಎಂಬುದು ಮುಖ್ಯ ದೂರು. ಬೇರೆ ಬೇರೆ ಕಾಲದ ಹಾಡುಗಳಿರುವುದರಿಂದ ಏಕಸೂತ್ರತೆ ಇಲ್ಲ, 'ದಿ ಕೆಮಿಕಲ್ ವೆಡ್ಡಿಂಗ್' ಮಟ್ಟಕ್ಕೆ ಏರಿಲ್ಲ ಎಂದವರೂ ಇದ್ದಾರೆ. 'ಸೊನಾಟಾ' ಕೆಲವರಿಗೆ ಆಲ್ಬಂನ ಶಿಖರವಾದರೆ ಇನ್ನು ಕೆಲವರಿಗೆ ಎಳೆದಂತೆ ತೋರಿದೆ.

2024ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಿಂದ ಆರಂಭವಾದ ಏಕವ್ಯಕ್ತಿ ಪ್ರವಾಸ ಮೆಕ್ಸಿಕೊ, ಬ್ರೆಜಿಲ್, ಯುರೋಪ್‌ಗಳಲ್ಲಿ ನಡೆಯಿತು. ಆ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಅರಮನೆ ಮೈದಾನದಲ್ಲಿ ಅಂದು ಆ ಕಂಠವನ್ನು ಎದುರೇ ಕೇಳಿದ್ದ ವಿದ್ಯಾರ್ಥಿಗಳು ಈಗ ನಡುವಯಸ್ಸಿನವರು. ಅವರೊಂದಿಗೆ ವಯಸ್ಸಾದ, ವಯಸ್ಸನ್ನು ಮರೆಮಾಚದ ಅದೇ ಕಂಠ ಅವರಿಗೆ ಈ ಆಲ್ಬಂನಲ್ಲಿ ಸಿಕ್ಕಿದೆ.

ಬ್ರೂಸ್ ಡಿಕಿನ್ಸನ್ ಏಕವ್ಯಕ್ತಿ ಆಲ್ಬಂಗಳು

- ಟ್ಯಾಟೂಡ್ ಮಿಲಿಯನೇರ್ (1990)
- ಬಾಲ್ಸ್ ಟು ಪಿಕಾಸೊ (1994)
- ಸ್ಕಂಕ್‌ವರ್ಕ್ಸ್ (1996)
- ಆಕ್ಸಿಡೆಂಟ್ ಆಫ್ ಬರ್ತ್ (1997)
- ದಿ ಕೆಮಿಕಲ್ ವೆಡ್ಡಿಂಗ್ (1998)
- ಟಿರನಿ ಆಫ್ ಸೋಲ್ಸ್ (2005)
- ದಿ ಮ್ಯಾಂಡ್ರೇಕ್ ಪ್ರಾಜೆಕ್ಟ್ (2024)