ದೆವ್ವದ ಸಿನಿಮಾ ಪೋಸ್ಟರ್: ಕರ್ನಾಟಕದಲ್ಲಿ ಬೆಳೆದ ಬಗೆ

ದೆವ್ವ, ಮಾಟ, ಸೇಡಿನ ಆತ್ಮಗಳ ಕಥೆಯುಳ್ಳ ಚಲನಚಿತ್ರಕ್ಕೆ ಜನರನ್ನು ಸೆಳೆಯಲು ಅಚ್ಚು ಹಾಕಿಸಿ ಗೋಡೆಗೆ ಹಚ್ಚುವ ಚಿತ್ರಪಟವೇ ಭಯಾನಕ ಚಿತ್ರದ ಪೋಸ್ಟರ್. ಬೇರೆ ಸಿನಿಮಾಗಳ ಪೋಸ್ಟರು ನಾಯಕ, ನಾಯಕಿ, ಹೊಡೆದಾಟ ಎಲ್ಲವನ್ನೂ ಮುಂದಿಟ್ಟು ಕರೆದರೆ, ಇದು ಅರ್ಧ ತೋರಿಸಿ ಅರ್ಧ ಮುಚ್ಚಿಟ್ಟು ಕರೆಯುತ್ತದೆ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಲಕ್ಷಣವೂ ಕೂಡಿಕೊಂಡಿತು. ಇಲ್ಲಿ ಭಯವನ್ನು ಒಂಟಿಯಾಗಿ ಮಾರಿದ್ದು ಕಡಿಮೆ. ಅದರ ಪಕ್ಕದಲ್ಲಿ ದೇವರೋ ಮೆಚ್ಚಿನ ನಟನೋ ಅಭಯ ಕೊಡುತ್ತ ನಿಂತಿರುತ್ತಾರೆ.

ಈ ದೃಶ್ಯಭಾಷೆಯ ಬೇರು ಸಿನಿಮಾಕ್ಕಿಂತ ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರ ಭಯಾನಕ ರಸಕ್ಕೆ ಕಪ್ಪು, ರೌದ್ರಕ್ಕೆ ಕೆಂಪು, ಬೀಭತ್ಸಕ್ಕೆ ನೀಲಿ ಬಣ್ಣವನ್ನು ಹೇಳುತ್ತದೆ. ವಿಕಾರವಾದ ಧ್ವನಿ, ಭೂತದರ್ಶನ, ನರಿ ಗೂಬೆಗಳ ಕೂಗು, ಬರಿದಾದ ಮನೆ, ಕಾಡು ಇವನ್ನೆಲ್ಲ ಭಯ ಹುಟ್ಟಿಸುವ ಕಾರಣಗಳಾಗಿ ಎಣಿಸುತ್ತದೆ. ಪೋಸ್ಟರುಗಳ ಕತ್ತಲ ಆಕಾಶ, ದೀಪವಿಲ್ಲದ ಬಂಗಲೆ, ಒಣಮರದ ಮೇಲಿನ ಗೂಬೆ, ನೆತ್ತರು ಸೋರುವಂತೆ ಬರೆದ ಶೀರ್ಷಿಕೆ ಎಲ್ಲವೂ ಆ ಪಟ್ಟಿಯಿಂದಲೇ ಎದ್ದು ಬಂದಂತಿವೆ.

ಆಧುನಿಕ ಮಾದರಿ ಬಂದದ್ದು ಹೊರಗಿನಿಂದ. ಜರ್ಮನಿಯ 'ನೊಸ್ಫೆರಾಟು' (1922) ಚಿತ್ರದ ಪ್ರಚಾರಕ್ಕೆ ಅದರ ಕಲಾ ನಿರ್ದೇಶಕ ಆಲ್ಬಿನ್ ಗ್ರೌ ಅವರೇ ಚಿತ್ರ ಬರೆದರು. 1931ರ 'ಡ್ರಾಕುಲಾ', 'ಫ್ರಾಂಕೆನ್‌ಸ್ಟೈನ್' ಪೋಸ್ಟರುಗಳಲ್ಲಿ ರಾಕ್ಷಸನ ಮುಖವೇ ಮುಖ್ಯ ಆಕರ್ಷಣೆಯಾಯಿತು. 1973ರ 'ದಿ ಎಕ್ಸಾರ್ಸಿಸ್ಟ್' ಇದಕ್ಕೆ ವಿರುದ್ಧದ ದಾರಿ ಹಿಡಿಯಿತು: ರಾತ್ರಿ, ಬೀದಿದೀಪ, ಕೈಚೀಲ ಹಿಡಿದು ಮನೆಯೆದುರು ನಿಂತ ಒಬ್ಬ ಮನುಷ್ಯ, ಕಿಟಕಿಯಿಂದ ಬೀಳುವ ಬೆಳಕು. ದೆವ್ವದ ಸುಳಿವೇ ಇಲ್ಲ. ಈ ಬಗೆಯ ಪೋಸ್ಟರುಗಳಲ್ಲಿ ಇದನ್ನು ಮೀರಿಸಿದ್ದು ಅಪರೂಪ. ಮುಂಬಯಿಯಲ್ಲಿ 'ಮಹಲ್' (1949), 'ವೋ ಕೌನ್ ಥೀ?' (1964) ಚಿತ್ರಗಳು ಬಿಳಿ ಸೀರೆಯ ಹೆಣ್ಣನ್ನೂ ಹಳೆಯ ಬಂಗಲೆಯನ್ನೂ ಸ್ಥಿರಗೊಳಿಸಿದವು. 'ದೋ ಗಜ್ ಜಮೀನ್ ಕೆ ನೀಚೆ' (1972), 'ಪುರಾನಾ ಮಂದಿರ್' (1984), 'ವೀರಾನಾ' (1988) ಮಾಡಿದ ರಾಮ್ಸೆ ಸಹೋದರರು ಕುಂಚದಲ್ಲಿ ಬರೆಸಿದ ಕ್ರೂರ ಮುಖಗಳನ್ನು ಊರೂರಿನ ಗೋಡೆಗೆ ತಂದರು.

ಇಂಥ ಚಿತ್ರಭಾಷೆಗೆ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ವಿಶೇಷ ಬಲವಿತ್ತು. 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಭಾಗದಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗು ಕಿವಿಗೆ ಬೀಳುವುದು ದಿನನಿತ್ಯದ ಮಾತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಶೀರ್ಷಿಕೆ ಯಾವ ಲಿಪಿಯಲ್ಲಿದ್ದರೂ, ಓದು ಬಾರದಿದ್ದರೂ, ಕೆದರಿದ ಕೂದಲು ಮತ್ತು ಮೇಲೆ ತಿರುಗಿದ ಕಣ್ಣು ಏನು ಹೇಳುತ್ತಿವೆ ಎಂಬುದು ಯಾರಿಗೂ ತಿಳಿಯುತ್ತದೆ. ಸುರಪುರಕ್ಕೆ ತನ್ನದೇ ಚಿತ್ರಪರಂಪರೆಯೂ ಇದೆ. ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಬಂಗಾರದ ಬಣ್ಣ ಬಳಸಿ ದೇವರ ಪಟಗಳನ್ನು ಬರೆದರು. ನಮ್ಮ ದೇವರ ಪಟಗಳಲ್ಲಿ ಮೂಲದೇವರು ದೊಡ್ಡದಾಗಿ, ಭಕ್ತರು ಪಾದದ ಬಳಿ ಚಿಕ್ಕದಾಗಿ ಇರುವುದು ರೂಢಿ. ದೆವ್ವದ ಪೋಸ್ಟರು ಅದೇ ಅಳತೆಯನ್ನು ತಿರುವಿ ಹಾಕುತ್ತದೆ: ಆಕಾಶ ತುಂಬಿದ ಪಿಶಾಚಿಯ ಮುಖ, ಕೆಳಗೆ ಓಡುವ ಪುಟ್ಟ ಮನುಷ್ಯರು. ಪಟ ನೋಡಿ ಪಳಗಿದ ಕಣ್ಣಿಗೆ ಇದು ತಟ್ಟನೆ ನಾಟುತ್ತದೆ.

ಕನ್ನಡದ ಮುಖ್ಯ ಮೈಲಿಗಲ್ಲು ಅನಂತನಾಗ್, ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ' (1979). ಪ್ರೇಮಿಯ ಮಾತಿನಂತಿರುವ ಆ ಹೆಸರು ದೆವ್ವದ ಬೆದರಿಕೆಯೂ ಹೌದು. ಚಿತ್ರದಲ್ಲಿ ನಾಯಕನನ್ನು ಕಾಯುವುದು ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು. ಯಾದಗಿರಿಯವರಿಗೆ ಈ ಅಭಯ ಇನ್ನೂ ಹತ್ತಿರದ್ದು: ಮಂತ್ರಾಲಯ ರೋಡ್ ತಮ್ಮದೇ ರೈಲು ಮಾರ್ಗದ ನಿಲ್ದಾಣ. ಯಂಡಮೂರಿ ವೀರೇಂದ್ರನಾಥರ ಕಾದಂಬರಿ ಆಧರಿಸಿದ 'ತುಳಸೀದಳ' (1985) ಮಾಟದ ಭಯವನ್ನು ತಂದಿತು. ಉಪೇಂದ್ರ ನಿರ್ದೇಶನದ 'ಶ್!' (1993) ಒಂದೇ ಅಕ್ಷರದ ಶೀರ್ಷಿಕೆಯಿಂದ ಕುತೂಹಲ ಕೆರಳಿಸಿತು. ಸೌಂದರ್ಯಾ ತೀರಿಹೋದ ಕೆಲವೇ ತಿಂಗಳಲ್ಲಿ ತೆರೆಕಂಡ 'ಆಪ್ತಮಿತ್ರ' (2004) ಚಿತ್ರದಿಂದ, ನಾಗವಲ್ಲಿ ಎಂಬ ಸೇಡಿನ ಆತ್ಮವಾಗಿ ಅವರು ತೋರಿದ ಅಗಲಗಣ್ಣು ಜನರ ನೆನಪಿನಲ್ಲಿ ಉಳಿಯಿತು. ವಿಷ್ಣುವರ್ಧನ್ ನಿಧನಾನಂತರ ಬಂದ 'ಆಪ್ತರಕ್ಷಕ' (2010) ಚಿತ್ರದಲ್ಲಂತೂ ನಾಗವಲ್ಲಿಯ ವರ್ಣಚಿತ್ರವೇ ಮನೆಯಿಂದ ಮನೆಗೆ ಕೇಡು ಹೊತ್ತು ಸಾಗುತ್ತದೆ. '6-5=2' (2013) ತಾರೆಯರ ಮುಖವನ್ನೇ ಬಿಟ್ಟು, ತಪ್ಪಿದ ಲೆಕ್ಕವೊಂದನ್ನು ಹೆಸರಾಗಿಟ್ಟು ಗೆದ್ದಿತು.

ಹೆದರಿಸುವ ತಂತ್ರಗಳು ಸರಳವಾದವು. ಬೆಳಕು ಗದ್ದದ ಕೆಳಗಿನಿಂದ ಬಂದರೆ ನೆರಳು ಬೀಳಬೇಕಾದಲ್ಲಿ ಬೀಳದೆ ಪರಿಚಿತ ಮುಖವೂ ಅಪರಿಚಿತವಾಗುತ್ತದೆ. ಕಣ್ಣಾಲಿಯ ಸುತ್ತ ಬಿಳುಪು ಕಂಡರೆ ನೋಡುವವರ ಎದೆ ಝಲ್ಲೆನ್ನುತ್ತದೆ. ವಯಸ್ಕರಿಗೆ ಮಾತ್ರ ಎಂದು ಹೇಳುವ 'ಎ' ಗುರುತು ತಡೆಯಾಗುವ ಬದಲು ಎಷ್ಟೋ ಸಲ ಆಮಿಷವಾಗಿದೆ. ಆದರೆ ಬಿಚ್ಚುಗೂದಲಿನ ಹೆಣ್ಣನ್ನೇ ಮತ್ತೆ ಮತ್ತೆ ದೆವ್ವ ಮಾಡಿದ್ದು ಈ ಕಲೆಯ ದೊಡ್ಡ ಬಡತನ. ಅನ್ಯಾಯಕ್ಕೆ ಸಿಕ್ಕಿ ಸತ್ತವಳ ಕಥೆ ಹೇಳುವ ಚಿತ್ರವೂ ಗೋಡೆಯ ಮೇಲೆ ಅವಳ ಕೋಪವನ್ನಷ್ಟೇ ತೋರಿಸಿತು, ಅವಳಿಗಾದ ನೋವನ್ನಲ್ಲ.

ಕುಂಚದ ಕೆಲಸವನ್ನು ಮೊದಲು ಫೋಟೊ ಅಚ್ಚು, ಆಮೇಲೆ ಫ್ಲೆಕ್ಸ್, ಈಗ ಮೊಬೈಲಿನ ಮೋಷನ್ ಪೋಸ್ಟರ್ ಕಸಿದುಕೊಂಡಿವೆ. ಒಂದರ ಮೇಲೊಂದು ಅಂಟಿಸಿದ ತೆಳು ಕಾಗದದ ಹಳೆಯ ಪೋಸ್ಟರುಗಳಲ್ಲಿ ಉಳಿದಿರುವುದು ಅತ್ಯಲ್ಪ. ಕಲ್ಯಾಣ ಕರ್ನಾಟಕದ ಟಾಕೀಸುಗಳ ಅಟ್ಟದಲ್ಲೋ ಮನೆಯ ಟ್ರಂಕಿನಲ್ಲೋ ಅಂಥ ಪ್ರತಿಗಳಿದ್ದರೆ ಅವನ್ನು ರದ್ದಿಗೆ ಹಾಕದೆ ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸಬೇಕು.