ನೊರ್ಚಿಯಾ: ಕುಸಿದ ದೇವಾಲಯದ ಮುಂದೆ

ಜುಲೈ 11ರಂದು ಸಂತ ಬೆನೆಡಿಕ್ಟರ ಹಬ್ಬ ಆಚರಿಸುವಾಗ, ಅವರು ಸುಮಾರು ಕ್ರಿ.ಶ. 480ರಲ್ಲಿ ಹುಟ್ಟಿದ ಊರನ್ನು ನೆನೆಯೋಣ. ಅದು ಇಟಲಿಯ ಗುಡ್ಡಗಾಡಿನ ಪುಟ್ಟ ಪಟ್ಟಣ ನೊರ್ಚಿಯಾ. ಅವರ ಮನೆಯಿತ್ತೆಂದು ನಂಬುವ ಜಾಗದಲ್ಲೇ ಅವರ ಹೆಸರಿನ ಮಹಾದೇವಾಲಯ ಎದ್ದಿತು. ಎದುರಿನ ಚೌಕದಲ್ಲಿ ಸಂತರ ಪ್ರತಿಮೆ, ಊರ ಸುತ್ತ ಹಳೆಯ ಕೋಟೆಗೋಡೆ.

ಈ ನೆಲ ಪದೇ ಪದೇ ನಡುಗುತ್ತದೆ. 1859ರ ಭೂಕಂಪದ ನಂತರ ಮನೆಗಳ ಎತ್ತರಕ್ಕೇ ಮಿತಿ ಹಾಕಿದರು. 2016ರ ಅಕ್ಟೋಬರ್ 30, ಭಾನುವಾರ ಬೆಳಿಗ್ಗೆ ಮಹಾದೇವಾಲಯ ಕುಸಿಯಿತು. ಮುಂಭಾಗದ ಗೋಡೆ ನಿಂತೇ ಇತ್ತು. ಹಿಂದಿನ ಕಂಪನಗಳಿಂದಾಗಿ ಜನ ಮೊದಲೇ ಮನೆ ಬಿಟ್ಟಿದ್ದರು, ಯಾರೂ ಸಾಯಲಿಲ್ಲ. ಸನ್ಯಾಸಿಗಳೂ ಕನ್ಯಾಸ್ತ್ರೀಯರೂ ಊರವರೂ ಆ ಚೌಕದಲ್ಲೇ ಮೊಣಕಾಲೂರಿ ಪ್ರಾರ್ಥಿಸಿದರು.

ಕಟ್ಟಡ ಬಿದ್ದಿತ್ತು, ಧರ್ಮಸಭೆ ಮೊಣಕಾಲೂರಿತ್ತು. ಹಬ್ಬಕ್ಕೆಂದು ನಮ್ಮ ದೇವಾಲಯಕ್ಕೆ ಸುಣ್ಣಬಣ್ಣ ಬಳಿಯುವಾಗ ನಾವು ಇದನ್ನು ಮರೆಯದಿರೋಣ.