ಎರವಲು ಸರ

ಫ್ರಾನ್ಸಿನ ಮೊಪಾಸಾ ಬರೆದ ‘ನೆಕ್ಲೇಸ್’ ಕಥೆ ನಮ್ಮ ಊರುಗಳ ಓದಿದ ಹೆಣ್ಣುಮಕ್ಕಳಲ್ಲಿ ಬಹುತೇಕರಿಗೆ ಗೊತ್ತು. 1884ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಕಥೆ. ಗುಮಾಸ್ತನ ಹೆಂಡತಿ ಮಟಿಲ್ಡಾ, ಮಂತ್ರಿಗಳ ಮನೆಯ ಔತಣಕ್ಕೆಂದು ಶ್ರೀಮಂತ ಗೆಳತಿಯಿಂದ ವಜ್ರದ ಸರ ಇಸಿದುಕೊಂಡು ಹೋಗಿ ಕಳೆದುಬಿಡುತ್ತಾಳೆ. ಗೆಳತಿಯ ಮುಂದೆ ಬಾಯಿಬಿಡದೆ 36,000 ಫ್ರಾಂಕು ಕೊಟ್ಟು ಅಂಥದೇ ಇನ್ನೊಂದು ತಂದು ಒಪ್ಪಿಸುತ್ತಾಳೆ. ಹತ್ತು ವರ್ಷ ಮುಸುರೆ ತಿಕ್ಕಿ, ನೀರು ಹೊತ್ತು ಸಾಲ ತೀರಿದ ಮೇಲೆ ತಿಳಿಯುವುದೇನು? ಮೊದಲಿನದು ಹೆಚ್ಚೆಂದರೆ 500 ಫ್ರಾಂಕಿನ ಖೊಟ್ಟಿ ಮಾಲು!

‘ಹೆಣ್ಣಿನ ಒಣಜಂಬಕ್ಕೆ ತಕ್ಕ ಶಾಸ್ತಿ’ ಎಂದು ನೋಟ್ಸ್ ಬರೆಸುವುದು ವಾಡಿಕೆ. ಅದೇಕೋ ನನ್ನ ಮನಸ್ಸಿಗೆ ಅದು ಒಗ್ಗಿಲ್ಲ. ಸಿರುಗುಪ್ಪದಲ್ಲಿ ಈ ಕಥೆ ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಕೊಡುವಾಗಲೇ ಇದು ಖೊಟ್ಟಿ ಅಂತ ಆ ಶ್ರೀಮಂತಾಕಿ ಯಾಕ ಹೇಳಲಿಲ್ರಿ ಟೀಚರ್?” ಎಷ್ಟು ಸರಿಯಾದ ಮಾತು! ಬಡವಳ ಜಂಬವನ್ನು ಎಲ್ಲರೂ ಅಳೆಯುತ್ತಾರೆ. ಖೊಟ್ಟಿ ಸರವನ್ನು ವಜ್ರವೆಂದೇ ನಂಬಲು ಬಿಟ್ಟವಳ ಜಂಬವನ್ನು ಅಳೆಯುವವರಿಲ್ಲ.

ನಮ್ಮ ಕಡೆ ಕುರುಗೋಡಿನ ಜಾತ್ರೆಗೆ, ಬಂಧುಗಳ ಮದುವೆಗೆ ಒಂದೇ ಅವಲಕ್ಕಿ ಸರ ಮೂರು ಕೊರಳು ತಿರುಗುವುದನ್ನು ಕಂಡವಳು ನಾನು. ಬಳ್ಳಾರಿಯ ಬೆಂಗಳೂರು ರಸ್ತೆಯ ಬಂಗಾರದ ಅಂಗಡಿಯಿಂದ ನಗುತ್ತ ಇಳಿದು ಬರುವವರನ್ನೂ ಸೆರಗಿನೊಳಗೆ ಗಂಟು ಮುಚ್ಚಿಕೊಂಡು ಗಿರವಿ ಅಂಗಡಿಗೆ ಹೋಗುವವರನ್ನೂ ಕಂಡಿದ್ದೇನೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಎದ್ದು, ಮುಂದೆ ಕಾಲುವೆ ಬಂದ ಮೇಲೆ ಸಿರುಗುಪ್ಪ ಭತ್ತದ ಸೀಮೆಯಾಯಿತು, ಅಕ್ಕಿ ಗಿರಣಿಗಳು ಬಂದವು. ಅಕ್ಕನನ್ನು ಕೊಟ್ಟ ಮನೆಯ ಹೊಲಕ್ಕೆ ಕಾಲುವೆ ನೀರು, ತಂಗಿಯನ್ನು ಕೊಟ್ಟ ಮನೆಯದು ಮಳೆ ನಂಬಿದ ಎರೆಹೊಲ. ಒಂದೇ ತಾಯಿಯ ಮಕ್ಕಳು ಮದುವೆ ಮನೆಯಲ್ಲಿ ಬೇರೆ ಬೇರೆ ಜಮಖಾನೆಯ ಮೇಲೆ ಕೂರುವಂತಾಯಿತು. ತಂಗಿ ಆ ದಿನ ಸರ ಎರವಲು ತಂದರೆ ಅದನ್ನು ಬರೀ ದುರಾಸೆ ಎನ್ನಲಾದೀತೇ?

ಮಟಿಲ್ಡಾಳ ಕಾಲದ ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನ ದುಡಿಮೆಯ ಕೂಲಿಯ ಮೇಲೂ ಅಧಿಕಾರವಿರಲಿಲ್ಲ. ಅದು ಬಂದದ್ದು 1907ರ ಕಾನೂನಿನಿಂದ. ನಮ್ಮಲ್ಲಿಯೂ ಅಷ್ಟೆ. ಮನೆತನದ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕೆಂಬ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಯಾದದ್ದು 1994ರಲ್ಲಿ, ಅದೂ ಅಲ್ಲಿಯತನಕ ಮದುವೆಯಾಗದವರಿಗೆ ಮಾತ್ರ. ಉಳಿದವರು 2005ರವರೆಗೆ ಕಾಯಬೇಕಾಯಿತು. ಹೊಲವಿಲ್ಲದ ಹೆಣ್ಣಿಗೆ ತನ್ನದೆನ್ನಲು ಮೈಮೇಲಿನ ಬಂಗಾರವೊಂದೇ. ಅದನ್ನೂ ಮಳೆ ಹೋದ ವರ್ಷ ಗಂಡ ಬಿಚ್ಚಿಕೊಡು ಅನ್ನುವವರೆಗೆ.

ಇಲ್ಲಿ ನನಗೆ ನೆನಪಾಗುವವರು ಕೊಡಗಿನ ಗೌರಮ್ಮ. ಕನ್ನಡದ ಮೊದಲ ಸಾಲಿನ ಕಥೆಗಾರ್ತಿಯರಲ್ಲೊಬ್ಬರು. ಅವರ ಯಜಮಾನರು ಗುಂಡುಕುಟ್ಟಿ ಮಂಜುನಾಥಯ್ಯನವರ ತೋಟದಲ್ಲಿ ಮ್ಯಾನೇಜರು. ಅಂದರೆ ಮಟಿಲ್ಡಾಳಂತೆ ಇವರೂ ಸಂಬಳದವರ ಹೆಂಡತಿಯೇ. ‘ನೆಕ್ಲೇಸ್’ ಬಂದು ಸರಿಯಾಗಿ ಐವತ್ತು ವರ್ಷಕ್ಕೆ, 1934ರಲ್ಲಿ, ಗಾಂಧೀಜಿ ಹರಿಜನ ನಿಧಿಗೆಂದು ಕೊಡಗಿಗೆ ಬಂದು ತೋಟದ ಯಜಮಾನರಲ್ಲಿ ಇಳಿದುಕೊಂಡರು. ಗೌರಮ್ಮ ತಮ್ಮ ಮನೆಗೂ ಅವರು ಬರಲೇಬೇಕೆಂದು ಹಠ ಹಿಡಿದು ಉಪವಾಸ ಕೂತರು! ಗಾಂಧೀಜಿ ಬಂದರು. ತಾಳಿ, ಓಲೆ, ಮೂಗುಬೊಟ್ಟು ಉಳಿಸಿಕೊಂಡು ಮಿಕ್ಕ ಒಡವೆಯನ್ನೆಲ್ಲ ಆಕೆ ಅವರ ಕೈಗಿತ್ತರು. ಯಜಮಾನರ ಬಂಗಲೆಗೆ ಬಂದವರು ಮ್ಯಾನೇಜರ ಮನೆಗೇಕೆ ಬರಬಾರದು ಎಂಬುದೂ ಒಂದು ಹೆಮ್ಮೆಯೇ. ಆದರೆ ಎರವಲು ತಂದ ಹೆಮ್ಮೆಯಲ್ಲ.

1939ರಲ್ಲಿ ಹೊಳೆಯಲ್ಲಿ ಈಜುವಾಗ ಮುಳುಗಿ ತೀರಿಕೊಂಡಾಗ ಆಕೆಗೆ ಬರೀ 27. ಕಥೆಗಳು ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳಾಗಿ ಉಳಿದಿವೆ.

‘ನೆಕ್ಲೇಸ್’ ಮುಗಿಸಿದ ಮರುದಿನ ಮಕ್ಕಳಿಗೆ ಈ ಸಂಗತಿಯನ್ನೂ ಹೇಳುವುದು ನನ್ನ ರೂಢಿ. ಎಲ್ಲರೂ ಬಾಯಿ ತೆರೆದು ಕೇಳುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ ಬಂದೇ ಬರುತ್ತದೆ: “ಅವರ ಮನಿಯವರು ಬೈಲಿಲ್ಲೇನ್ರಿ ಟೀಚರ್?”